‘ಬ’ ಅಂದರೆ ಬಹಳ ಸಂತೋಷ

ಮೈ ಸರಿಯಿಲ್ಲವೆಂದು ಯಾರಾದರೂ ರಜೆ ಹಾಕಿದರೆ ಆ ಆಫೀಸಿನಲ್ಲಿ ಅವರಿಗೆ ರಜೆ ಸಿಗುತ್ತಿತ್ತೇ ಹೊರತು ಅವರ ದನಿಗೆ ಸಿಗುತ್ತಿರಲಿಲ್ಲ. ಗಿಣಿ ಇದ್ದಳಲ್ಲ! ಮಧ್ಯಾಹ್ನ ಊಟದ ಡಬ್ಬಿಯ ಮುಚ್ಚಳ ತೆಗೆಯುವುದೇ ತಡ, ಅವಳ ಗಂಟಲೊಳಗಿಂದ ಮ್ಯಾನೇಜರು ಎದ್ದು ಬಂದು, “ಒಂದರ್ಥದಲ್ಲಿ ಉಪ್ಪು ಕಮ್ಮಿ, ಇನ್ನೊಂದರ್ಥದಲ್ಲಿ ಆರೋಗ್ಯ ಜಾಸ್ತಿ” ಎಂದು ಪಕ್ಕದವರ ಡಬ್ಬಿಯ ಮೇಲೆ ತೀರ್ಪು ಕೊಡುತ್ತಿದ್ದರು. ಅವರ ಬೆನ್ನಿಗೇ ಕ್ಯಾಂಟೀನಕ್ಕ ಬಂದು, “ಲೋಟಕ್ಕೇನು ಕಾಲು ಬರುತ್ತೇನ್ರಪ್ಪಾ? ವಾಪಸ್ ತಂದಿಡೋಕೆ ನಿಮಗೆ ಕಾಲಿಲ್ವಾ?” ಎಂದು ಗದರುತ್ತಿದ್ದಳು. ನಿಜವಾದ ಕ್ಯಾಂಟೀನಕ್ಕ ಬಾಗಿಲಲ್ಲಿ ನಿಂತು, ತನ್ನ ಬೈಗುಳ ತನಗಿಂತ ಚೆನ್ನಾಗಿ ಇನ್ನೊಬ್ಬಳ ಬಾಯಲ್ಲಿ ಬರುವುದನ್ನು ಕೇಳಿ, ಒರೆಸುವ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡು ನಗುತ್ತಿದ್ದಳು.

ಗಿಣಿ ಅವಳ ಹೆಸರಲ್ಲ, ಬಿರುದು. ಮಿಕ್ಕ ಗಿಣಿಗಳು ಹಣ್ಣು ಕಚ್ಚುತ್ತವೆ, ಇದು ಹೆಣ್ಣು ಗಂಡು ಎನ್ನದೆ ಎಲ್ಲರನ್ನೂ ಕಚ್ಚುತ್ತದೆ ಎಂದು ಲೆಕ್ಕದ ವಿಭಾಗದಲ್ಲಿ ಯಾರೋ ಹೇಳಿದ ಮೇಲೆ ಅದೇ ನಿಂತಿತು.

ಅದು ಲಿಫ್ಟು ರಿಪೇರಿ ಮಾಡುವ ಕಂಪನಿ. ಉದ್ದನೆಯ ಕೋಣೆ. ಒಂದು ಗೋಡೆಯ ತುಂಬ ಕೊಕ್ಕೆಗಳಿಗೆ ನೇತುಬಿದ್ದ ಬೀಗದ ಕೈಗಳು. ಇನ್ನೊಂದು ಗೋಡೆಯ ಮೇಲೆ ನಗರದ ಕಟ್ಟಡಗಳ ಹೆಸರಿನ ಪಕ್ಕ ಕೆಂಪು, ಹಸಿರು ದೀಪಗಳು. ಗ್ರೀಸಿನ ವಾಸನೆ ಮತ್ತು ಅದನ್ನು ಮುಚ್ಚಲು ಹೊಡೆದ ಸುಗಂಧದ ವಾಸನೆ ಸೇರಿ ಹುಟ್ಟಿದ ಮೂರನೆಯದೊಂದು ವಾಸನೆ. ಗಿಣಿಯ ಕೆಲಸ ಫೋನಿನದು. ಎಲ್ಲೋ ಒಂದು ಲಿಫ್ಟು ನಡುವೆ ನಿಂತರೆ, ಒಳಗೆ ಸಿಕ್ಕಿಕೊಂಡವರು ಗುಂಡಿ ಒತ್ತಿದರೆ, ಆ ದನಿ ಬಂದು ಬೀಳುವುದು ಅವಳ ಕಿವಿಗೇ. ಆಗ ಅವಳು ತನ್ನ ನೂರೆಂಟು ದನಿಗಳನ್ನು ಬದಿಗಿಟ್ಟು ಸ್ವಂತ ದನಿಯಲ್ಲಿ ಹೇಳುತ್ತಿದ್ದಳು: “ಗಾಬರಿಯಾಗಬೇಡಿ. ಬಾಗಿಲು ಎಳೀಬೇಡಿ. ನಾನು ಲೈನಲ್ಲಿದೀನಿ, ಎಲ್ಲೂ ಹೋಗಲ್ಲ.”

ಈ ಮೂರು ಮಾತು ಕಲಿಸಿಕೊಟ್ಟವರು ಮೇಸ್ತ್ರಿ. ಕಂಪನಿಯ ಹಳೆಯ ಮೆಕ್ಯಾನಿಕ್ಕು. ಮೊಣಕಾಲು ಕೈಕೊಟ್ಟ ಮೇಲೆ ಕೋಣೆಯ ಮೂಲೆಯಲ್ಲಿ, ಎಂದೂ ತೆರೆಯದ ಒಂದು ಕಿಟಕಿಯ ಪಕ್ಕ ಕೂತು ಹೊಸಬರಿಗೆ ಕೆಲಸ ಹೇಳಿಕೊಡುತ್ತಿದ್ದರು. ಇಡೀ ಆಫೀಸಿನಲ್ಲಿ ಗಿಣಿ ಅನುಕರಿಸದ ಒಂದೇ ಒಂದು ಪ್ರಾಣಿ ಎಂದರೆ ಅವರು.

ಕಾರಣ ಎಲ್ಲರಿಗೂ ಗೊತ್ತಿತ್ತು. ಮೇಸ್ತ್ರಿಗೆ ಉಗ್ಗು. ಕೆಲವು ಅಕ್ಷರಗಳು ಅವರ ಬಾಯೊಳಗೆ ಎರಡು ಮಹಡಿಯ ನಡುವೆ ನಿಂತ ಲಿಫ್ಟಿನ ಹಾಗೆ ನಿಂತುಬಿಡುತ್ತಿದ್ದವು. ಮೋಟರು ಓಡುತ್ತಿದೆ, ದೀಪ ಉರಿಯುತ್ತಿದೆ, ಒಳಗೆ ಜನ ಇದ್ದಾರೆ. ಬಾಗಿಲು ಮಾತ್ರ ತೆರೆಯದು. ಹಿಂದೆ ಕೆಲವು ಮೆಕ್ಯಾನಿಕ್ಕುಗಳು ಬೆನ್ನ ಹಿಂದೆ ಅವರನ್ನು ‘ಉಗ್ಗಪ್ಪ’ ಎನ್ನುತ್ತಿದ್ದರು. ಆಮೇಲೆ ಮುಖ್ಯ ಕಚೇರಿಯಿಂದ ‘ಗೌರವದ ಭಾಷೆ’ ಎಂಬ ಸುತ್ತೋಲೆ ಬಂತು. ಅಂದಿನಿಂದ ಯಾರೂ ಹಾಗನ್ನಲಿಲ್ಲ. ಅಷ್ಟರ ಮಟ್ಟಿಗೆ ಸುತ್ತೋಲೆಗೆ ಕೈಮುಗಿಯಬೇಕು. ಆದರೆ ಸುತ್ತೋಲೆ ಅಷ್ಟಕ್ಕೇ ನಿಲ್ಲದೆ ಸುತ್ತತೊಡಗಿತು. ಕುಳ್ಳಗಿದ್ದವರು ‘ಮಿತೋನ್ನತ’ರಾದರು. ಬೋಳುತಲೆಯ ಮ್ಯಾನೇಜರು ‘ಕೇಶಮುಕ್ತ’ರಾದರು. ಉಗ್ಗುವವರು ‘ವಿಳಂಬವಾಗ್ಮಿ’ಗಳಾದರು. ಎಲ್ಲರಿಗೂ ಬಹುವಚನ ಕಡ್ಡಾಯವಾಯಿತು. ಮ್ಯಾನೇಜರು “ಗಿಣಿಯವರು ಎಲ್ಲಿದ್ದಾರೆ?” ಎಂದಾಗಲೆಲ್ಲ ತಾನೊಬ್ಬಳೇ ಒಂದು ಹಿಂಡಾಗಿ ಹಾರಿಬಂದಂತೆ ಅವಳಿಗನಿಸುತ್ತಿತ್ತು.

ಮೇಸ್ತ್ರಿಯ ವಿಷಯದಲ್ಲಂತೂ ಗೌರವ ಉಕ್ಕಿ ಹರಿಯಿತು. ಅವರಿಗೆ ತೊಂದರೆಯಾಗಬಾರದೆಂದು ಅವರ ಮಾತನ್ನು ಎಲ್ಲರೂ ಮುಂದಾಗಿ ಮುಗಿಸಿಕೊಡುತ್ತಿದ್ದರು. ಅವರು “ರ…” ಎಂದರೆ ಗಿಣಿಯೇ, “ರಜಾ ಬೇಕಾ? ತಗೊಳ್ಳಿ ತಗೊಳ್ಳಿ” ಎನ್ನುತ್ತಿದ್ದಳು. “ಕ…” ಎಂದರೆ ಸಾಕು, ಕ್ಯಾಂಟೀನಕ್ಕ ಕಾಫಿ ತಂದಿಡುತ್ತಿದ್ದಳು. ಮೇಸ್ತ್ರಿ ಲೋಟವನ್ನು ಒಮ್ಮೆ, ಕ್ಯಾಂಟೀನಕ್ಕನನ್ನು ಒಮ್ಮೆ ನೋಡಿ ಸುಮ್ಮನೆ ಕುಡಿಯುತ್ತಿದ್ದರು. ಎಷ್ಟು ಕಾಫಿ ಕುಡೀತಾರಪ್ಪಾ ಈ ಮನುಷ್ಯ ಎಂದು ಎಲ್ಲರಿಗೂ ಸೋಜಿಗ.

ಮೇಸ್ತ್ರಿ ನಿವೃತ್ತರಾಗುವ ವಾರ ಮ್ಯಾನೇಜರು ಎಲ್ಲರನ್ನೂ ಕರೆದರು. ಒಳ್ಳೆಯ ಮನುಷ್ಯ, ‘ಒಂದರ್ಥದಲ್ಲಿ’ ಎಂದು ಶುರುಮಾಡಿ ಎರಡರ್ಥದಲ್ಲಿ ಮುಗಿಸುತ್ತಾರೆ ಎಂಬುದೊಂದೇ ದೋಷ.

“ಒಂದರ್ಥದಲ್ಲಿ, ಮೇಸ್ತ್ರಿಗಳ ಬೀಳ್ಕೊಡುಗೆ ನಮ್ಮೆಲ್ಲರ ಬೀಳ್ಕೊಡುಗೆ.”

“ಹಾಗಾದ್ರೆ ಸೋಮವಾರದಿಂದ ನಾವೂ ಬರೋದು ಬೇಡ್ವಾ ಸಾರ್?” ಎಂದಳು ಗಿಣಿ.

“ಗಿಣಿಯವರೇ, ನಿಮ್ಮ ಹತ್ರಾನೇ ಬರ್ತಿದೀನಿ. ಮುಖ್ಯ ಕಚೇರಿಯಿಂದ ನಿರ್ದೇಶಕರು ಬರ್ತಾರೆ. ದೊಡ್ಡ ಸಭೆ. ಮೇಸ್ತ್ರಿಗಳೇ, ಅಷ್ಟು ಜನರ ಎದುರು ಮಾತಾಡೋಕೆ ನಿಮಗೆ ಮುಜುಗರ ಆಗಬಾರದು ನೋಡಿ. ಅದಕ್ಕೇ ನಾನೊಂದು ವ್ಯವಸ್ಥೆ ಮಾಡಿದೀನಿ. ನಿಮ್ಮ ಭಾಷಣ ನಾನೇ ಬರೀತೀನಿ. ಗಿಣಿಯವರು ಅದನ್ನ ನಿಮ್ಮ ದನೀಲೇ ಓದ್ತಾರೆ, ಎಲ್ಲೂ ಒಂದು ತೊಡಕಿಲ್ಲದೆ. ನೀವು ಪಕ್ಕದಲ್ಲಿ ನಗ್ತಾ ನಿಂತರೆ ಸಾಕು. ಏನಂತೀರಿ?”

ಮೇಸ್ತ್ರಿ ಮೇಜು ಹಿಡಿದು ಎದ್ದರು. ತುಟಿಗೆ ತುಟಿ ಕೂಡಿತು. “ಬ… ಬ…”

“ಬಹಳ ಸಂತೋಷ!” ಎಂದರು ಮ್ಯಾನೇಜರು, ಅವರಿಗಿಂತ ಸಂತೋಷವಾಗಿ.

ಎಲ್ಲರೂ ಚಪ್ಪಾಳೆ ತಟ್ಟಿದರು. ಗಿಣಿಯೂ ತಟ್ಟಿದಳು. ಇಂಥ ಅವಕಾಶ ಯಾವ ಅನುಕರಣೆಗಾರರಿಗೆ ಸಿಕ್ಕುತ್ತದೆ! ಆದರೆ ಚಪ್ಪಾಳೆ ನಿಂತ ಮೇಲೂ ಮೇಸ್ತ್ರಿಯ ತುಟಿಗಳು ಕೂಡಿಕೊಂಡೇ ಇದ್ದವು. ಮೆಲ್ಲಗೆ ಕೂತರು. ಕ್ಯಾಂಟೀನಕ್ಕ ಕಾಫಿ ತಂದಿಟ್ಟಳು.

ಸಂಜೆ ಗಿಣಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಮೇಸ್ತ್ರಿಯ ದನಿ ಹುಡುಕಿದಳು. ಸಿಗಲಿಲ್ಲ. ಯಾರದೇ ದನಿಯಾದರೂ ಅವಳಿಗೆ ಮೊದಲು ಸಿಗುತ್ತಿದ್ದುದು ಬಾಲ. ಮ್ಯಾನೇಜರು ವಾಕ್ಯದ ಕೊನೆಗೆ ಮೂಗಿನಿಂದ ಒಂದು ಉಸಿರು ಬಿಡುತ್ತಾರೆ. ಕ್ಯಾಂಟೀನಕ್ಕ ಕೊನೆಯ ಪದವನ್ನು ತಟ್ಟೆ ಕುಕ್ಕಿದ ಹಾಗೆ ಕುಕ್ಕುತ್ತಾಳೆ. ಬಾಲ ಹಿಡಿದರೆ ಇಡೀ ಮನುಷ್ಯ ಹಿಂದೆ ಬರುತ್ತಾನೆ. ಮೇಸ್ತ್ರಿಯ ವಾಕ್ಯದ ಬಾಲ ಹೇಗಿತ್ತು? ಎಷ್ಟು ನೆನೆದರೂ ಬರೀ ತಲೆಗಳೇ ಬಂದವು. “ರ…” “ಕ…” “ಬ…” ಬಾಲವೆಲ್ಲ ಮಿಕ್ಕವರದು, ಒಂದಷ್ಟು ಅವಳದೇ.

ಅಷ್ಟರಲ್ಲಿ ಹೊರಗೆ ಗಂಡ ಯಾರೊಂದಿಗೋ ಫೋನಿನಲ್ಲಿ, “ಅಮ್ಮನಿಗೆ ಸ್ವಲ್ಪ ಶ್ರವಣದ ಸವಾಲಿದೆ” ಎನ್ನುತ್ತಿದ್ದ. ಅತ್ತೆ ಹೊಸ್ತಿಲಲ್ಲಿ ನಿಂತು ಸೊಸೆಯ ಮುಖ ನೋಡಿದರು.

“ಏನಂತಾನೆ ಅವನು?”

ಗಿಣಿ ಹತ್ತಿರ ಹೋಗಿ ಜೋರಾಗಿ ಹೇಳಿದಳು: “ನಿಮಗೆ ಶ್ರವಣದ ಸವಾಲಿದೆಯಂತೆ!”

“ಶ್ರಾವಣದ ಸವಾರಿನಾ?”

“ಸ-ವಾ-ಲು! ಕಿವಿ ಕೇಳಲ್ಲ ಅಂತ!”

“ಹಾಗನ್ನೋಕೇನು ರೋಗ ಅವನಿಗೆ?” ಅತ್ತೆ ಮೊರದ ಹಾಗೆ ಕಿವಿಯ ಹಿಂದೆ ಕೈಯಿಟ್ಟರು. “ನೋಡೇ, ಕಿವುಡಿ ಅಂತಾದ್ರೂ ಅನ್ನಲಿ, ಸವಾಲು ಅಂತಾದ್ರೂ ಅನ್ನಲಿ. ಏನಂದ್ರೂ ನನಗೆ ಕೇಳೋ ಹಾಗೆ ಅನ್ನಲಿ. ಆಗ ಬೇಕಾದ್ರೆ ನಾನು ತಿರುಗಿಸಿ ಬೈತೀನಿ. ನನ್ನ ಬಗ್ಗೆ ಮೆಲ್ಲಗೆ ಒಳ್ಳೇ ಮಾತಾಡೋರಿಗಿಂತ, ನನ್ನ ಹತ್ರ ಜೋರಾಗಿ ಜಗಳಾಡೋಳು ನೀನೇ ವಾಸಿ.”

ಮೂವತ್ತಾರು ಗುಣ ಕೂಡದ ಅತ್ತೆಯಿಂದ ಇದಕ್ಕಿಂತ ದೊಡ್ಡ ಪ್ರಶಸ್ತಿ ಗಿಣಿಗೆ ಎಂದೂ ಬಂದಿರಲಿಲ್ಲ.

ಮರುದಿನ ಅವಳು ಕೈಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಸ್ತ್ರಿಯ ಮೂಲೆಗೆ ಹೋದಳು. ಅವರು ಹಳೆಯ ಉಕ್ಕಿನ ಹಗ್ಗದ ತುಂಡೊಂದನ್ನು ಹೆಬ್ಬೆರಳಿನಿಂದ ಸವರುತ್ತ, ಒಳಗಿನ ಎಳೆ ಎಲ್ಲಾದರೂ ಕಡಿದಿದೆಯೇ ಎಂದು ನೋಡುತ್ತಿದ್ದರು.

“ಮೇಸ್ತ್ರಿಗಳೇ, ನಿಮ್ಮ ದನಿ ಬೇಕಿತ್ತು. ಸಾಲ ಕೊಡ್ತೀರಾ? ಸಭೆ ಮುಗಿದ ಕೂಡ್ಲೆ ವಾಪಸ್.”

ಅವರು ಹಗ್ಗ ಕೆಳಗಿಟ್ಟರು. “ಬ…”

“ಬಹಳ—” ಎಂದು ಅವಳ ನಾಲಿಗೆ ಹೊರಟೇಬಿಟ್ಟಿತ್ತು. ಪುಣ್ಯಕ್ಕೆ ಸೊಂಟದ ಫೋನು ಬಡಿದುಕೊಂಡಿತು. ಯಾವುದೋ ಕಟ್ಟಡದಲ್ಲಿ ಒಬ್ಬ ಹೆಂಗಸು ಸಿಕ್ಕಿಕೊಂಡಿದ್ದಳು. ಅಳುವಿನ ಅಂಚಿನ ದನಿ.

“ಗಾಬರಿಯಾಗಬೇಡಿ,” ಎಂದಳು ಗಿಣಿ. “ಬಾಗಿಲು ಎಳೀಬೇಡಿ. ನಾನು ಲೈನಲ್ಲಿದೀನಿ, ಎಲ್ಲೂ ಹೋಗಲ್ಲ.” ಆಮೇಲೆ ಸುಮ್ಮನಾದಳು. ಆ ಹೆಂಗಸು ಉಸಿರೆಳೆದಳು, ಏನೋ ಹೇಳಹೋಗಿ ನಿಲ್ಲಿಸಿದಳು, ಮತ್ತೆ ಹೇಳಿದಳು. ಗಿಣಿ ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಆಚೆ ಬಾಗಿಲು ತೆರೆದ ಸದ್ದು, ಮೆಕ್ಯಾನಿಕ್ಕಿನ ದನಿ, ಒಂದು ನಗು.

ಫೋನಿಟ್ಟು ನೋಡಿದರೆ ಮೇಸ್ತ್ರಿ ಅವಳನ್ನೇ ನೋಡುತ್ತಿದ್ದರು.

“ಅ… ಅದನ್ನ,” ಎಂದರು, “ನನಗೂ ಒಂದ್ಸಲ ಹೇಳು.”

ಗಿಣಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕಿವಿ ಬಿಸಿಯಾಯಿತು. ಒಂದು ಸ್ಟೂಲು ಎಳೆದುಕೊಂಡು ಅವರ ಎದುರು ಕೂತು, ಯಾರ ದನಿಯನ್ನೂ ಬೆರೆಸದೆ ಹೇಳಿದಳು: “ಬಾಗಿಲು ಎಳೆಯಲ್ಲ. ನಾನು ಲೈನಲ್ಲಿದೀನಿ. ಎಲ್ಲೂ ಹೋಗಲ್ಲ.”

ಮೇಸ್ತ್ರಿ ಕಣ್ಣು ಮೇಲೆತ್ತಿದರು, ಲಿಫ್ಟಿನ ಬಾಗಿಲ ಮೇಲಿನ ಮಹಡಿಯ ಅಂಕಿ ನೋಡುವವರ ಹಾಗೆ. ಹೆಬ್ಬೆರಳು ತೋರುಬೆರಳನ್ನು ಸವರಿತು. “ಬ… ಬ…” ಗಿಣಿಯ ಗಂಟಲಲ್ಲಿ ‘ಬಿಸಿಲು, ಬಾಡಿಗೆ, ಬದನೆಕಾಯಿ’ ಎಲ್ಲ ಸಾಲುಗಟ್ಟಿ ನೂಕಾಡಿದವು. ಅವಳು ಬಾಯಿ ಬಿಗಿಹಿಡಿದಳು. ಗಿಣಿಗೆ ಬಾಯಿ ಮುಚ್ಚುವುದೆಂದರೆ ಮೀನಿಗೆ ಮರ ಹತ್ತುವುದು.

“ಬ… ಬೇಡ,” ಎಂದರು ಮೇಸ್ತ್ರಿ.

“ಏನು ಬೇಡ?”

“ಬೇರೆಯವರ ಬಾಯಲ್ಲಿ ನ… ನನ್ನ ಭಾಷಣ. ಬೇಡ. ನಿನ್ನೇನೂ ಅದೇ ಹೇಳ್ತಿದ್ದೆ.”

“ಅಯ್ಯೋ ದೇವರೇ! ಮ್ಯಾನೇಜರಿಗೆ ಹೋಗಿ ಹೇಳಬಾರದಿತ್ತಾ?”

“ಹೋದೆ. ‘ಬ’ ಅಂದೆ. ‘ಬನ್ನಿ ಬನ್ನಿ, ಕೂತ್ಕೊಳ್ಳಿ’ ಅಂದ್ರು. ಕೂತೆ. ಮತ್ತೆ ‘ಬ’ ಅಂದೆ. ‘ಬಿಸಿ ಕಾಫಿ’ ತರಿಸಿದ್ರು. ಕು… ಕುಡಿದು ಬಂದೆ.”

ಗಿಣಿ ನಕ್ಕಳು, ನಕ್ಕಿದ್ದಕ್ಕೆ ಹೆದರಿದಳು, ಮೇಸ್ತ್ರಿಯೂ ನಗುತ್ತಿರುವುದನ್ನು ಕಂಡು ಮತ್ತೆ ನಕ್ಕಳು. ಅಷ್ಟು ದಿನ ಪಕ್ಕದಲ್ಲೇ ಇದ್ದರೂ ಈ ಮನುಷ್ಯ ಹಾಸ್ಯಗಾರ ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ. ಹೇಗೆ ಗೊತ್ತಾಗಬೇಕು? ಜೋಕು ಇರುವುದೇ ವಾಕ್ಯದ ಬಾಲದಲ್ಲಿ. ಬಾಲ ಕತ್ತರಿಸಿದವರು ತಾವೆಲ್ಲರೂ.

“ಕಾಫಿ ಅಂದ್ರೆ ನಿಮಗೆ ಪ್ರಾಣ ಅಲ್ವಾ?” ಎಂದಳು.

“ಕಾಫಿ ನಂಗೆ ಸೇರೋದೇ ಇಲ್ಲ. ನಾನು ಹೇಳ್ತಿದ್ದಿದ್ದು ಕಿ… ಕಿಟಕಿ. ಗ್ರೀಸಿನ ವಾಸನೆಗೆ ತಲೆನೋವು. ಈ ಮೊಣಕಾಲಲ್ಲಿ ನಿಂತು ಜಗ್ಗೋಕೆ ನನಗಾಗಲ್ಲ. ಯಾರಾದ್ರೂ ಅದರ ಚಿಲಕ ತೆಗೀಲಿ ಅಂತ ‘ಕ’ ಅಂದ್ರೆ, ಕಾ… ಕಾಫಿ ಬರುತ್ತೆ. ತಲೆನೋವಿಗೆ ಅದನ್ನೇ ಕುಡೀತೀನಿ.”

ಗಿಣಿ ಎದ್ದು ಕಿಟಕಿಯ ಚಿಲಕ ಹಿಡಿದು ಜಗ್ಗಿದಳು. ತುಕ್ಕು ಕಿರುಗುಟ್ಟಿತು. ಬೀದಿಯ ಗಾಳಿ, ಹಾರ್ನಿನ ಸದ್ದು, ಯಾರೋ ಯಾರನ್ನೋ ಕರೆಯುವ ಕೂಗು ಒಟ್ಟಿಗೇ ಒಳಬಂದವು. ಮೇಸ್ತ್ರಿ ಕಣ್ಣುಮುಚ್ಚಿ ಉಸಿರೆಳೆದುಕೊಂಡರು.

“ಈಗ ನಾನೊಂದು ಕೇಳ್ತೀನಿ,” ಎಂದರು. “ಎಲ್ಲರನ್ನೂ ಮಾಡ್ತೀಯ. ನನ್ನ ಯಾಕೆ ಮಾಡಲ್ಲ?”

“ಗೌರವ, ಮೇಸ್ತ್ರಿಗಳೇ.”

“ಗೌ… ಗೌರವಾನೋ, ಗಡಿಪಾರೋ? ಊಟದ ಹೊತ್ತಲ್ಲಿ ಎಲ್ಲರೂ ನಿನ್ನ ಬಾಯಲ್ಲಿ ಬಂದು ಹೋಗ್ತಾರೆ. ನಾನೊಬ್ಬ ಬರಲ್ಲ. ಆಫೀಸಲ್ಲಿ ನಾನು ಇದೀನೋ ಇಲ್ವೋ ಅಂತ ನನಗೇ ಅನುಮಾನ.”

“ಮಾಡಿದ್ರೆ ಉಗ್ಗೂ ಮಾಡಬೇಕಾಗುತ್ತೆ. ನಿಮಗೆ ನೋವಾದ್ರೆ?”

ಮೇಸ್ತ್ರಿ ಯೋಚಿಸಿದರು. ಅವಳು ಕಾದಳು. ಈ ಸಲ ಅಷ್ಟು ಕಷ್ಟವಾಗಲಿಲ್ಲ.

“ಉ… ಉಗ್ಗನ್ನ ಮಾತ್ರ ಮಾಡಿದ್ರೆ ಅದು ನಾನಲ್ಲ. ಉಗ್ಗನ್ನ ಬಿಟ್ಟು ಮಾಡಿದ್ರೂ ನಾನಲ್ಲ. ನಿಮ್ಮ ಮ್ಯಾನೇಜರು ಬರೆಯೋ ಭಾಷಣ ಇದೆಯಲ್ಲ, ಅದರಲ್ಲಿ ನಾನು ಸರಾಗವಾಗಿ ಮಾತಾಡ್ತೀನಿ. ಅವನು ಯಾರೋ. ನನಗೆ ಪ… ಪರಿಚಯ ಇಲ್ಲ.”

“ಈಗಲೇ ಹೋಗಿ ಮ್ಯಾನೇಜರಿಗೆ ಹೇಳ್ತೀನಿ, ನಿಮಗಿದು ಬೇಡ ಅಂತ.”

“ಅದೂ ಬೇಡ,” ಎಂದರು ಮೇಸ್ತ್ರಿ. “ನನ್ನ ‘ಬೇಡ’ವನ್ನೂ ನೀನೇ ಹೇಳಿದ್ರೆ ಅದೂ ನಿಂದೇ ಆಗುತ್ತೆ. ನನಗೆ ಮೈ… ಮೈಕು ಕೊಡಿಸು. ಕೊಡಿಸಿ ಸುಮ್ನಿರು. ಅಷ್ಟು ಮಾಡ್ತೀಯಾ?”

ಕೊಡಿಸುವುದು ಸುಲಭ. ಸುಮ್ಮನಿರುವುದೇ ಕಷ್ಟ. ಗಿಣಿ ತಲೆಯಾಡಿಸಿದಳು.

ಬೀಳ್ಕೊಡುಗೆಯ ದಿನ ಸಭಾಂಗಣದ ಕುರ್ಚಿಗಳೆಲ್ಲ ತುಂಬಿ, ಹಿಂದೆ ಗೋಡೆಗೊರಗಿ ಮೆಕ್ಯಾನಿಕ್ಕುಗಳು ನಿಂತಿದ್ದರು. ಮುಂದಿನ ಸಾಲಿನಲ್ಲಿ ನಿರ್ದೇಶಕರು. ಆ ಸುತ್ತೋಲೆಗೆ ರುಜು ಹಾಕಿದವರು ಅವರೇ. ವೇದಿಕೆಯ ಮೇಲೆ ಮ್ಯಾನೇಜರು; ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ನಗು. ಪಕ್ಕದಲ್ಲಿ ಮೇಸ್ತ್ರಿ, ಕೊರಳಲ್ಲಿ ಹೂವಿನ ಹಾರ. ಗೌರವಕ್ಕೆ ಕೊರತೆಯಾಗಬಾರದೆಂದು ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ನೆನಪಿಟ್ಟು ತಂದಿದ್ದರು. ಅವರಿಗೊಂದು ಕುರ್ಚಿ ಹಾಕುವುದನ್ನು ಮಾತ್ರ ಮರೆತಿದ್ದರು.

“ಒಂದರ್ಥದಲ್ಲಿ ಈಗ ಮೇಸ್ತ್ರಿಗಳೇ ಮಾತಾಡ್ತಾರೆ,” ಎಂದು ಮ್ಯಾನೇಜರು ಘೋಷಿಸಿ, ಭಾಷಣದ ಹಾಳೆಯನ್ನು ಗಿಣಿಯ ಕೈಗೆ ಕೊಟ್ಟರು. “ಇನ್ನೊಂದರ್ಥದಲ್ಲಿ, ನಮ್ಮ ಗಿಣಿಯವರು!”

ಗಿಣಿ ಮೈಕಿನ ಮುಂದೆ ನಿಂತಳು. ಮ್ಯಾನೇಜರು ಮುನಿಸಿಕೊಂಡರೆ ಮುಂದಿನ ಮ್ಯಾನೇಜರು ಬರುವ ತನಕ ರಾತ್ರಿ ಪಾಳಿಯೇ ಗತಿ ಎಂಬುದು ಅವಳಿಗೆ ಗೊತ್ತಿತ್ತು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟಳು.

“ಮೇಸ್ತ್ರಿಗಳ ದನಿ ಮಾಡು ಅಂದ್ರು,” ಎಂದಳು. “ಕೂತು ಅಭ್ಯಾಸ ಮಾಡಿದೆ. ನನಗೆ ಬಂದಿದ್ದು ಇಷ್ಟು.”

ತುಟಿಗೆ ತುಟಿ ಕೂಡಿಸಿ ಒಂದೇ ಒಂದು “ಬ” ಎಂದಳು. ಸಭೆ ಗಕ್ಕನೆ ನಿಂತಿತು. ನಿರ್ದೇಶಕರ ಹುಬ್ಬು ಗಂಟಿಕ್ಕಿತು. ಅಷ್ಟರಲ್ಲಿ ಗಿಣಿ ಪಟ್ಟನೆ ತಿರುಗಿ, ಮೂಗಿನಿಂದ ಉಸಿರು ಬಿಟ್ಟು, ಸಾಕ್ಷಾತ್ ಮ್ಯಾನೇಜರಾಗಿ ಹೇಳಿದಳು: “ಬಹಳ ಸಂತೋಷ!”

ಮತ್ತೆ “ಕ.” ಕ್ಯಾಂಟೀನಕ್ಕನಾಗಿ: “ಕಾಫಿ ತಾನೇ? ತಗೊಳ್ಳಿ! ಲೋಟ ವಾಪಸ್ ಇಡಿ!”

ಮತ್ತೆ “ರ.” ಈ ಸಲ ತನ್ನದೇ ದನಿ, ಅದಕ್ಕೆ ಎರಡು ಚಮಚ ಸಕ್ಕರೆ ಹೆಚ್ಚು: “ರಜಾ ಬೇಕಾ? ತಗೊಳ್ಳಿ ತಗೊಳ್ಳಿ. ಮೊನ್ನೆ ಅವರನ್ನೇ ಕೇಳಿದ ಮೇಲೆ ಗೊತ್ತಾಯ್ತು, ಅವರು ಕೇಳ್ತಿದ್ದಿದ್ದು ಲಿಫ್ಟಿನ ಬಾಗಿಲಿಗೆ ರಬ್ಬರು ಪಟ್ಟಿ. ನಾನು ಮೂರು ಸಲ ಮನೆಗೆ ಕಳಿಸಿದೀನಿ.”

ಮೊದಲು ಗೋಡೆಗೊರಗಿದ್ದ ಮೆಕ್ಯಾನಿಕ್ಕುಗಳು ನಕ್ಕರು. ಆಮೇಲೆ ನಗು ಸಾಲುಸಾಲಾಗಿ ಮುಂದೆ ಬಂತು. ಕ್ಯಾಂಟೀನಕ್ಕ ಮಾತ್ರ ಬಾಯಿಗೆ ಕೈಯಿಟ್ಟು ನಿಂತಿದ್ದಳು.

“ಇದರಲ್ಲಿ ಮೇಸ್ತ್ರಿಗಳು ಎಲ್ಲಿದ್ದಾರೆ ಹೇಳಿ? ಎಲ್ಲ ನಾವೇ. ಮಾತಿನ ತಲೆ ಅವರದು, ಬಾಲ ನಮ್ಮದು. ತಲೆಗೊಂದು ಬಾಲಕ್ಕೊಂದು ಪ್ರಾಣಿ ಅಂಟಿಸಿ, ಅದಕ್ಕೆ ಗೌರವ ಅಂತ ಹೆಸರಿಟ್ಟಿದೀವಿ. ಇವತ್ತು ತಲೇನೂ ಅವರದೇ, ಬಾಲಾನೂ ಅವರದೇ.” ಮೈಕನ್ನು ಕಿತ್ತು ಮೇಸ್ತ್ರಿಯ ಕೈಗೆ ಕೊಟ್ಟಳು.

ಮೇಸ್ತ್ರಿ ಮೈಕನ್ನು ಉಕ್ಕಿನ ಹಗ್ಗದ ಹಾಗೆ ಹೆಬ್ಬೆರಳಿನಿಂದ ಒಮ್ಮೆ ಸವರಿದರು. ಕಣ್ಣು ಮೇಲೆತ್ತಿದರು. “ನ…” ಎಂದರು. “ನ… ನ…”

ನಿಂತಿತು. ಯಾವತ್ತೂ ಇಲ್ಲದಷ್ಟು ಗಟ್ಟಿಯಾಗಿ, ಎರಡು ಮಹಡಿಯ ನಡುವೆ, ನಿಂತೇಬಿಟ್ಟಿತು. ಸಭೆಯ ನಗು ಆರಿತು. ಜನ ತಮ್ಮ ಚಪ್ಪಲಿ ನೋಡಿಕೊಂಡರು. ಮ್ಯಾನೇಜರು ಒಂದು ಹೆಜ್ಜೆ ಮುಂದೆ ಬಂದರು. ಮುಂದಿನ ಸಾಲಿನಲ್ಲಿ ನಿರ್ದೇಶಕರ ಬಾಯಿ ‘ನಮಸ್ಕಾರ’ ಎನ್ನಲು ಅರ್ಧ ತೆರೆದಿತ್ತು; ಎಷ್ಟು ಒಳ್ಳೆಯ ಮನಸ್ಸಿನಿಂದ ತೆರೆದಿತ್ತೆಂದು ಗಿಣಿಗೆ ಕಾಣುತ್ತಿತ್ತು. ಸುಮ್ಮನಿರುತ್ತೇನೆಂದು ಅವಳು ಮೇಸ್ತ್ರಿಗೆ ಮಾತು ಕೊಟ್ಟಿದ್ದಳು. ಆದರೆ ಈಗ ಸಿಕ್ಕಿಕೊಂಡವರು ಮೇಸ್ತ್ರಿಯಲ್ಲ, ಕೆಳಗೆ ಕೂತವರು. ಅವರ ಕಡೆ ತಿರುಗಿ, ದಿನವೂ ಫೋನಿನಲ್ಲಿ ಹೇಳುವ ದನಿಯಲ್ಲಿ ಹೇಳಿದಳು:

“ಗಾಬರಿಯಾಗಬೇಡಿ. ಬಾಗಿಲು ಎಳೀಬೇಡಿ. ನಾವು ಲೈನಲ್ಲಿದೀವಿ, ಎಲ್ಲೂ ಹೋಗಲ್ಲ.”

ಲಿಫ್ಟಿನವರ ಸಭೆ, ಆ ಮಾತು ಗೊತ್ತಿಲ್ಲದವರು ಅಲ್ಲಿ ಯಾರೂ ಇರಲಿಲ್ಲ. ನಗು ಹೊರಬಿತ್ತು, ಅದರ ಜೊತೆ ಹಿಡಿದಿಟ್ಟ ಉಸಿರೂ ಹೊರಬಿತ್ತು. ನಿರ್ದೇಶಕರು ಬಾಯಿ ಮುಚ್ಚಿ ಕುರ್ಚಿಗೆ ಒರಗಿದರು. ಮೇಸ್ತ್ರಿಯೂ ನಕ್ಕರು. ನಗುವಿನ ಹಿಂದೆಯೇ, ಗುಂಡಿ ಒತ್ತಿದ ಹಾಗೆ, ಅಕ್ಷರ ಇಳಿದು ಬಂತು.

“ನಾನು ಇಲ್ಲಿ ಸೇರಿದಾಗಿಂದ ಸಾವಿರಾರು ಜನರನ್ನ ಮೇಲೆ ಕ… ಕಳಿಸಿದೀನಿ,” ಎಂದರು. ಸ್ವಲ್ಪ ಹೊತ್ತು ಬಿಟ್ಟರು. ಇದು ಉಗ್ಗಿನ ನಿಲುಗಡೆಯಲ್ಲ, ಹಾಸ್ಯಗಾರನ ನಿಲುಗಡೆ ಎಂದು ಗಿಣಿಗೆ ತಕ್ಷಣ ತಿಳಿಯಿತು. “ಆದ್ರೆ ಎಲ್ಲರನ್ನೂ ವಾಪಸ್ ಕೆಳಗೂ ಇಳಿಸಿದೀನಿ. ಆ ಎರಡನೇ ಕೆ… ಕೆಲಸ ಯಮನಿಗೂ ಬರಲ್ಲ.”

ಗೋಡೆಯ ಬಳಿ ಯಾರೋ ಸಿಳ್ಳೆ ಹಾಕಿದರು.

“ನನಗೆ ಒಂದು ಹೆಸರು ಕೊಟ್ಟಿದೀರಿ. ವಿ… ವಿ… ವಿಳಂಬವಾಗ್ಮಿ. ಉಗ್ಗೋರಿಗೆ ಇಟ್ಟ ಹೆಸರು, ಉಗ್ಗೋರಿಗೇ ಹೇಳೋಕಾಗಲ್ಲ.” ನಿರ್ದೇಶಕರು ತಲೆ ತಗ್ಗಿಸಿಕೊಂಡು ನಗುತ್ತಿದ್ದರು. “ಹಳೇ ಹೆಸರು ಹೋಯಿತು. ಅದು ಒಳ್ಳೇದಾಯಿತು. ಅದನ್ನ ಕೇಳಿದ ದಿನ ನನಗೆ ಊಟ ಸೇರ್ತಿರಲಿಲ್ಲ. ಅದಕ್ಕೆ ಆ ಕಾ… ಕಾಗದಕ್ಕೊಂದು ನಮಸ್ಕಾರ. ಆದ್ರೆ ಸಾರ್, ಬಹುವಚನ ಕೊಟ್ರಿ. ಒಂದು ವ… ವಚನ ಮುಗಿಸೋಕೆ ಬಿಡಲಿಲ್ಲ.”

ಈಗ ಯಾರೂ ನಗಲಿಲ್ಲ. ಮೇಸ್ತ್ರಿ ಆ ಮೌನವನ್ನೂ ಅವಸರವಿಲ್ಲದೆ ನೋಡಿದರು.

“ಉಗ್ಗಿದೆ. ಕು… ಕುಗ್ಗಲಿಲ್ಲ. ಯಾರಿಗೂ ಬ… ಬಗ್ಗಲಿಲ್ಲ ಅಂತ ಹೇಳೋಣ ಅಂದ್ರೆ, ಈಗ ಮೊಣಕಾಲು ನೋವು, ಬಗ್ಗೋಕೇ ಆಗಲ್ಲ. ಅದನ್ನ ಹೆಮ್ಮೆ ಅನ್ನೋ ಹಾಗಿಲ್ಲ. ಇವತ್ತು ನೀವೆಲ್ಲ ಕಾದ್ರಿ. ಹಾರಕ್ಕಿಂತ ಅದು ಭಾರ. ಅಷ್ಟೇ.”

ಚಪ್ಪಾಳೆ ಮುಗಿಯುವ ಮೊದಲೇ ಮ್ಯಾನೇಜರು ಬಂದು ಅವರ ಕೈ ಹಿಡಿದುಕೊಂಡರು. “ಒಂದರ್ಥದಲ್ಲಿ…” ಎಂದರು. ಮುಂದಿನ ಅರ್ಥ ಹೊಳೆಯಲಿಲ್ಲ. “ಒಂದರ್ಥದಲ್ಲಿ ನಾನು… ನಾನು…” ಬೋಳುತಲೆ ಕೆಂಪಗಾಯಿತು. ಅವರ ಮಾತಿಗೆ ಬಾಲ ಅಂಟಿಸಲು ಗಿಣಿಯ ಬಳಿ ಐದಾರು ಬಾಲಗಳು ಸಿದ್ಧವಾಗಿದ್ದವು. ಮೇಸ್ತ್ರಿ ಅವಳ ಕಡೆ ಒಂದು ಬೆರಳೆತ್ತಿ, ಮ್ಯಾನೇಜರ ಮುಖ ನೋಡುತ್ತ ನಿಂತರು. ಕಾದರು.

“ನಾನು ಕೇಳಬೇಕಿತ್ತು,” ಎಂದರು ಮ್ಯಾನೇಜರು ಕೊನೆಗೆ. “ಕೇಳಿದೆ. ಉತ್ತರಾನೂ ನಾನೇ ಕೊಟ್ಟುಕೊಂಡೆ.” ಅದು ಒಂದೇ ಅರ್ಥದ ಮಾತು. ಗಿಣಿ ಅದರ ಬಾಲವನ್ನು ಜೋಪಾನವಾಗಿ ತೆಗೆದಿಟ್ಟುಕೊಂಡಳು. ಅದರಲ್ಲಿ ಮೂಗಿನ ಉಸಿರಿರಲಿಲ್ಲ.

“ಈಗ ನ… ನನ್ನ ಮಾಡು,” ಎಂದರು ಮೇಸ್ತ್ರಿ ಅವಳ ಕಡೆ ತಿರುಗಿ.

“ಇಲ್ಲೇ? ಎಲ್ಲರ ಎದುರಿಗೇ?”

“ಇನ್ನೆಲ್ಲಿ? ಗಡಿಪಾರು ಮುಗೀತು.”

ಗಿಣಿ ಕಣ್ಣು ಮೇಲೆತ್ತಿದಳು, ಮಹಡಿಯ ಅಂಕಿ ನೋಡುವವರ ಹಾಗೆ. ಹೆಬ್ಬೆರಳು ತೋರುಬೆರಳನ್ನು ಸವರಿತು. ಭುಜ ಒಂದಿಷ್ಟು ಎಡಕ್ಕೆ ವಾಲಿತು, ನೋಯುವ ಮೊಣಕಾಲಿನ ಭಾರ ಇಳಿಸಲು. ಅಕ್ಷರ ನಿಂತಿತು, ಇಳಿಯಿತು; ಹಿಂದೆಯೇ ತಮಾಷೆಯ ಅಂಚಿಗೆ ಬಂದು ಬೇಕೆಂದೇ ನಿಲ್ಲುವ ಆ ಇನ್ನೊಂದು ನಿಲುಗಡೆ: “ಆ ಎರಡನೇ ಕೆ… ಕೆಲಸ… ಯಮನಿಗೂ ಬರಲ್ಲ.” ನೋಡಿದವರಿಗೆ ಉಗ್ಗು ಕಾಣಿಸಲಿಲ್ಲ ಎಂದಲ್ಲ, ಮೇಸ್ತ್ರಿ ಕಾಣಿಸಿದರು, ಅದರಲ್ಲಿ ಉಗ್ಗೂ ಇತ್ತು.

ಎಲ್ಲರೂ ಮೊದಲು ಮೇಸ್ತ್ರಿಯ ಮುಖ ನೋಡಿದರು. ಅವರು ತಲೆ ಓರೆ ಮಾಡಿ ಪರೀಕ್ಷಿಸಿ, “ಪರವಾಗಿಲ್ಲ,” ಎಂದರು. “ಮೂ… ಮೂಗು ಇನ್ನೊಂಚೂರು ದೊಡ್ಡದಿರಬೇಕಿತ್ತು.” ಆಮೇಲೆ ಸಭೆಗೆ ಸಭೆಯೇ ನಕ್ಕ ನಗು ಬೀದಿಗೂ ಕೇಳಿಸಿರಬೇಕು.

ಮ್ಯಾನೇಜರು ಮೈಕು ತೆಗೆದುಕೊಂಡರು. “ಮೇಸ್ತ್ರಿಗಳೇ, ಹೋಗೋ ಮುಂಚೆ ನಮ್ಮಿಂದ ಏನಾದ್ರೂ ಬೇಕಾ? ಕೇಳಿ. ನಿಧಾನವಾಗಿ ಕೇಳಿ.”

ಮೇಸ್ತ್ರಿ ಕಣ್ಣು ಮೇಲೆತ್ತಿದರು. “ಕ…”

ಬಾಗಿಲಲ್ಲಿ ಕ್ಯಾಂಟೀನಕ್ಕ ಲೋಟ ಹಿಡಿದವಳು ಹಾಗೇ ನಿಂತಳು; ಒಂದು ಹೆಜ್ಜೆ ಎತ್ತಿ, ಇಡದೆ, ಒಂಟಿ ಕಾಲಿನ ಕೊಕ್ಕರೆಯಾದಳು. ಸಭೆ ಪೂರ್ತಿ ಕಾಯುತ್ತಿತ್ತು. “ಕ…”

ಗಿಣಿಗೆ ಗೊತ್ತಿತ್ತು. ಅಷ್ಟು ಜನರಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಸದ್ದಾಗದಂತೆ ವೇದಿಕೆಯ ಬದಿಗೆ ಸರಿದು, ಅಲ್ಲಿ ಮುಚ್ಚಿದ್ದ ಸಭಾಂಗಣದ ಕಿಟಕಿಯ ಚಿಲಕದ ಮೇಲೆ ಕೈಯಿಟ್ಟು, ಗೆದ್ದವಳ ಹಾಗೆ ನಗುತ್ತ ತಿರುಗಿ ನೋಡಿದಳು.

“ಕು… ಕುರ್ಚಿ,” ಎಂದರು ಮೇಸ್ತ್ರಿ. “ಆವಾಗಿಂದ ನಿಲ್ಲಿಸಿದೀರಲ್ರೋ! ಮೊಣಕಾಲು ನೋವು ಅಂತ ಭಾಷಣದಲ್ಲೇ ಹೇಳಿದೆ.”

ಮೂರು ಕಡೆಯಿಂದ ಮೂರು ಕುರ್ಚಿ ಬಂದವು. ನಿರ್ದೇಶಕರು ತಮ್ಮದನ್ನೇ ಎತ್ತಿ ತಂದಿದ್ದರು. ಮೇಸ್ತ್ರಿ ಉಸ್ಸೆಂದು ಕೂತು, ಕಾಲು ಚಾಚಿ, ಚಿಲಕದ ಮೇಲೆ ಕೈಯಿಟ್ಟು ಬೆಪ್ಪಾಗಿ ನಿಂತಿದ್ದ ಗಿಣಿಯನ್ನು ನೋಡಿ ಎಲ್ಲರಿಗಿಂತ ಜೋರಾಗಿ ನಕ್ಕರು.

“ಹೋಗಲಿ,” ಎಂದರು, “ಹೆಂಗೂ ಹೋಗಿದೀಯ. ಅದನ್ನೂ ತೆಗಿ.”